ಏನನ್ನೂ ಉಗುಳದೆ ಸಾಗುವ ನೌಕೆ: ಯಾವ ಉಪಾಯ ಯಾವ ಕೆಲಸಕ್ಕೆ?

ರಾಕೆಟ್ಟು ಹಿಂದಕ್ಕೆ ಏನನ್ನಾದರೂ ರಭಸದಿಂದ ಎಸೆದು ತಾನು ಮುಂದಕ್ಕೆ ಹೋಗುತ್ತದೆ. ಎಸೆಯುವ ಸರಕು ಮುಗಿದ ದಿನ ಅದರ ಓಟವೂ ಮುಗಿಯಿತು. ಹಾಗಾಗಿ ಏನನ್ನೂ ಎಸೆಯದೆ ಸಾಗುವ ನೌಕೆಯ ಆಸೆ ಹಳೆಯದು. 1920ರ ದಶಕದಲ್ಲೇ ರಷ್ಯಾದ ತ್ಸಿಯೋಲ್ಕೊವ್‌ಸ್ಕಿ ಮತ್ತು ತ್ಸಾಂಡರ್ ಬೆಳಕಿನ ಒತ್ತಡದಿಂದ ಸಾಗುವ ಕನ್ನಡಿಹಾಯಿಯ ಬಗ್ಗೆ ಬರೆದಿದ್ದರು. ತೊಂದರೆ ಏನೆಂದರೆ, 'ಇಂಧನವಿಲ್ಲದ ನೋದನ' (ನೋದನ ಎಂದರೆ ನೂಕುವಿಕೆ) ಎಂಬ ಒಂದೇ ಹೆಸರಿನಡಿ ಎರಡು ಜಾತಿಯ ಸರಕು ಬಿಕರಿಯಾಗುತ್ತಿದೆ. ಒಂದು ಜಾತಿ ಆಗಲೇ ಶುಕ್ರನ ಪಕ್ಕ ಹಾದುಹೋಗಿದೆ. ಇನ್ನೊಂದು ಪ್ರಯೋಗಾಲಯದ ಮೇಜು ದಾಟಿಲ್ಲ.

ಎರಡನ್ನೂ ಬೇರ್ಪಡಿಸಲು ಒಂದು ಪ್ರಶ್ನೆ ಸಾಕು: ಈ ನೌಕೆ ಯಾವುದನ್ನು ಒದ್ದು ಮುಂದೆ ಹೋಗುತ್ತದೆ? ಈಜುವವನು ನೀರನ್ನು ಒದೆಯುತ್ತಾನೆ, ದೋಣಿಯವನು ಗಳದಿಂದ ಹೊಳೆಯ ತಳವನ್ನು ಒತ್ತುತ್ತಾನೆ. ಬೆಳಕು, ಸೌರ ಮಾರುತ, ಭೂಮಿಯ ಕಾಂತಕ್ಷೇತ್ರ, ಒಂದು ಗ್ರಹ – ಇಂಥ ಯಾವುದಾದರೂ ಉತ್ತರ ಬಂದರೆ ಕಾಗದ-ಪೆನ್ನು ತೆಗೆದುಕೊಂಡು ಲೆಕ್ಕಕ್ಕೆ ಕೂರಬಹುದು. 'ಯಾವುದನ್ನೂ ಅಲ್ಲ' ಎಂಬ ಉತ್ತರ ಬಂದರೆ, ಅದು ಬಸ್ಸಿನೊಳಗೆ ಕೂತು ಮುಂದಿನ ಸೀಟನ್ನು ನೂಕಿ ಬಸ್ಸು ಸಾಗಿಸುವ ಕೆಲಸ.

ಮೊದಲು, ಇಂಧನ ನಿಜಕ್ಕೂ ಬೇಡವೇ?

ಇದನ್ನು ಕೇಳಿಕೊಳ್ಳದೆ ಹಾಯಿಗೆ ಕೈ ಹಾಕುವವರೇ ಹೆಚ್ಚು. 1 ಕಿಲೋವ್ಯಾಟ್ ವಿದ್ಯುತ್ ಕೊಟ್ಟರೆ ಸಾಮಾನ್ಯ ಹಾಲ್ ಥ್ರಸ್ಟರ್ (ವಿದ್ಯುತ್ತಿನಿಂದ ಓಡುವ ಚಿಕ್ಕ ಎಂಜಿನ್) ಕ್ಸೆನಾನ್ ಅನಿಲವನ್ನು ಎಸೆದು 50-60 ಮಿಲಿನ್ಯೂಟನ್ ನೂಕುಬಲ ಕೊಡುತ್ತದೆ. ಅದೇ 1 ಕಿಲೋವ್ಯಾಟನ್ನು ಬೆಳಕಾಗಿಸಿ ಹಿಂದಕ್ಕೆ ಬಿಟ್ಟರೆ ಸಿಗುವುದು 3.3 ಮೈಕ್ರೊನ್ಯೂಟನ್, ಅಂದರೆ ಹದಿನೈದು ಸಾವಿರ ಪಟ್ಟು ಕಡಿಮೆ.

ಇಷ್ಟು ಸಣ್ಣ ಬಲ ಮನಸ್ಸಿಗೆ ಹತ್ತಲು ನಮ್ಮದೇ ಒಂದು ಅಳತೆ ಇಟ್ಟುಕೊಳ್ಳೋಣ. ಒಂದು ರಾಗಿ ಕಾಳು ಸುಮಾರು 3 ಮಿಲಿಗ್ರಾಂ ತೂಗುತ್ತದೆ. ಅಂಗೈ ಮೇಲೆ ಅದು ಒತ್ತುವ ಬಲ ಸುಮಾರು 30 ಮೈಕ್ರೊನ್ಯೂಟನ್. 1 ಕಿಲೋವ್ಯಾಟ್ ಬೆಳಕಿನ ನೂಕು ಒಂದು ರಾಗಿ ಕಾಳಿನ ಒಂಬತ್ತನೇ ಒಂದು ಪಾಲು.

ಈಗ ನಿಮ್ಮ ನೌಕೆಗೆ ಒಟ್ಟು ಎಷ್ಟು ವೇಗ ಬದಲಾವಣೆ ಬೇಕು ಎಂದು ನೋಡಿ. ಸೆಕೆಂಡಿಗೆ 1 ಕಿ.ಮೀ. ಸಾಕು ಎಂದಾದರೆ, 1,500 ಸೆಕೆಂಡ್ ವಿಶಿಷ್ಟ ಆವೇಗದ (ಇಂಧನವನ್ನು ಎಷ್ಟು ಮಿತವಾಗಿ ಬಳಸುತ್ತದೆ ಎಂಬುದರ ಅಳತೆ) ಹಾಲ್ ಥ್ರಸ್ಟರಿಗೆ ನೌಕೆಯ ತೂಕದ 6.6% ಕ್ಸೆನಾನ್ ಸಾಕು. 12 ಕಿಲೋ ಉಪಗ್ರಹಕ್ಕೆ 800 ಗ್ರಾಂ. ಅದಕ್ಕಾಗಿ ಹಾಯಿ ಬಿಚ್ಚುವ ಗೋಳು ಯಾಕೆ? ಬೇಕಾದ್ದು ಸೆಕೆಂಡಿಗೆ 10 ಕಿ.ಮೀ. ಆದರೆ ತೂಕದ ಅರ್ಧ, 20 ಕಿ.ಮೀ. ಆದರೆ ಮುಕ್ಕಾಲು ಪಾಲು ಕ್ಸೆನಾನೇ ಆಗುತ್ತದೆ. ಅಲ್ಲಿಗೆ ಬಂದಾಗ, ಅಥವಾ ವರ್ಷಗಟ್ಟಲೆ ಬಿಡದೆ ನೂಕುತ್ತಲೇ ಇರಬೇಕಾದ ಕೆಲಸವಿದ್ದಾಗ ಮಾತ್ರ ಮುಂದಿನ ಉಪಾಯಗಳು ಲಾಭಕ್ಕೆ ಬರುತ್ತವೆ. ಬರೀ ತಿರುಗಿಸುವುದಷ್ಟೇ ಬೇಕಿದ್ದರೆ ರಿಯಾಕ್ಷನ್ ವೀಲ್ (ನೌಕೆಯೊಳಗೆ ತಿರುಗುವ ಚಕ್ರ), ಮ್ಯಾಗ್ನೆಟಿಕ್ ಟಾರ್ಕರ್ (ಭೂಮಿಯ ಕಾಂತಕ್ಷೇತ್ರವನ್ನು ಒತ್ತುವ ವಿದ್ಯುತ್ಕಾಂತ) ಆಗಲೇ ಇವೆ. ಅವು ನೌಕೆಯ ಮುಖ ತಿರುಗಿಸುತ್ತವೆ, ಜಾಗದಿಂದ ಕದಲಿಸುವುದಿಲ್ಲ. ಗ್ರಹವೊಂದರ ಪಕ್ಕದಲ್ಲಿ ಹಾದು ಅದರ ಓಟದಲ್ಲಿ ಚೂರು ಪಾಲು ತೆಗೆದುಕೊಳ್ಳುವ ಗುರುತ್ವದ ನೆರವು ಎಲ್ಲಕ್ಕಿಂತ ಅಗ್ಗ. ಆದರೆ ಗ್ರಹ ಇದ್ದಲ್ಲಿ, ಅದು ಬಂದ ಕಾಲಕ್ಕೆ ಮಾತ್ರ.

ಸೌರಹಾಯಿ

ಭೂಮಿಯ ದೂರದಲ್ಲಿ ಪ್ರತಿ ಚದರ ಮೀಟರಿಗೆ 1,361 ವ್ಯಾಟ್ ಬಿಸಿಲು ಬೀಳುತ್ತದೆ. ಅದನ್ನು ಪೂರ್ತಿ ಹೀರಿದರೆ 4.5 ಮೈಕ್ರೊನ್ಯೂಟನ್, ಪೂರ್ತಿ ಹಿಂದಕ್ಕೆ ಪ್ರತಿಫಲಿಸಿದರೆ 9.1 ಮೈಕ್ರೊನ್ಯೂಟನ್ ಬಲ. ಮೂರು-ಮೂರೂವರೆ ಚದರ ಮೀಟರ್ ಕನ್ನಡಿಗೆ ಒಂದು ರಾಗಿ ಕಾಳು ಎಂದಿಟ್ಟುಕೊಳ್ಳಿ.

ಇದನ್ನು ಗ್ರಹಾಂತರ ಪಯಣದಲ್ಲಿ ಮೊದಲು ಮಾಡಿ ತೋರಿಸಿದ್ದು ಜಪಾನಿನ ಇಕಾರೋಸ್. 2010ರ ಮೇ ತಿಂಗಳಲ್ಲಿ ಹಾರಿದ, 300 ಕಿಲೋ ದಾಟುವ ನೌಕೆ ಅದು. 14 ಮೀಟರ್ ಚೌಕದ ಹಾಯಿ, 7.5 ಮೈಕ್ರಾನ್ ದಪ್ಪದ ಪಾಲಿಇಮೈಡ್ ಹಾಳೆ. ಅದರಲ್ಲಿ ಗಳ-ಗೂಟ ಏನೂ ಇಲ್ಲ: ನಾಲ್ಕು ಮೂಲೆಗೆ ಅರ್ಧ ಅರ್ಧ ಕಿಲೋ ತೂಕ ಕಟ್ಟಿ ನೌಕೆಯನ್ನೇ ಬುಗುರಿಯ ಹಾಗೆ ತಿರುಗಿಸಿದರು, ಹಾಳೆ ತಾನಾಗಿ ಬಿಗಿದು ಹರಡಿಕೊಂಡಿತು. ಅಳತೆಗೆ ಸಿಕ್ಕ ನೂಕು 1.12 ಮಿಲಿನ್ಯೂಟನ್, ಮುನ್ನೂರು ಕಿಲೋ ನೌಕೆಯ ಬೆನ್ನಿಗೆ ಸುಮಾರು 40 ರಾಗಿ ಕಾಳು. 196 ಚದರ ಮೀಟರಿನ ಪರಿಪೂರ್ಣ ಕನ್ನಡಿಯಾಗಿದ್ದರೆ 1.8 ಮಿಲಿನ್ಯೂಟನ್ ಸಿಗಬೇಕಿತ್ತು. ಹಾಯಿಯ ಒಂದು ಭಾಗದಲ್ಲಿ ಸೌರಕೋಶಗಳು ಅಂಟಿದ್ದವು, ಅವು ಬೆಳಕನ್ನು ಹೀರುತ್ತವೆ. ಸುಕ್ಕು, ಓರೆ ಎರಡೂ ಪಾಲು ಕೇಳುತ್ತವೆ. ನಿಮ್ಮ ಲೆಕ್ಕದಲ್ಲೂ ಸಿದ್ಧಾಂತದ ಅಂಕಿಯ ಮುಕ್ಕಾಲಿಗಿಂತ ಹೆಚ್ಚನ್ನು ನಂಬಿ ಕೂರಬೇಡಿ. ಇಕಾರೋಸ್ ಅದೇ ವರ್ಷ ಡಿಸೆಂಬರ್ 8ರಂದು ಶುಕ್ರನಿಂದ 80,800 ಕಿ.ಮೀ. ದೂರದಲ್ಲಿ ಹಾದುಹೋಯಿತು.

ಹಾಯಿ ಆರಿಸುವಾಗ ನೋಡಬೇಕಾದ ಅಂಕಿ ಅದರ ಅಗಲವಲ್ಲ, ನೌಕೆಯ ಒಟ್ಟು ತೂಕವನ್ನು ಹಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಗ್ರಾಂ. ಚದರ ಮೀಟರಿಗೆ 9.1 ಗ್ರಾಂ ಇದ್ದರೆ ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 1 ಮಿಲಿಮೀಟರ್. 1.5 ಗ್ರಾಂಗೆ ಇಳಿಸಿದರೆ ಸೂರ್ಯನ ಸೆಳೆತವೇ ಸರಿದೂಗಿ ನೌಕೆ ನಿಂತಲ್ಲೇ ತೇಲಬಹುದು. ನಾವು ಬರೆಯುವ ಎ4 ಕಾಗದ ಚದರ ಮೀಟರಿಗೆ 80 ಗ್ರಾಂ. 2019ರ ಲೈಟ್‌ಸೇಲ್ 2 ನೌಕೆ 5 ಕಿಲೋ, ಹಾಯಿ 32 ಚದರ ಮೀಟರ್. ಅಂದರೆ ಚದರ ಮೀಟರಿಗೆ 156 ಗ್ರಾಂ. ಅದರಲ್ಲಿ 4.5 ಮೈಕ್ರಾನ್ ಮೈಲಾರ್ ಹಾಳೆಯ ಪಾಲು ಬರೀ 6 ಗ್ರಾಂ! ಉಳಿದದ್ದೆಲ್ಲ ಪೆಟ್ಟಿಗೆ, ಬ್ಯಾಟರಿ, ಮೋಟಾರು, ಹಾಯಿ ಹಿಡಿಯುವ ಗಳಗಳು. ಹಾಳೆಯನ್ನು ಇನ್ನೂ ತೆಳ್ಳಗೆ ಮಾಡುವ ಹಟಕ್ಕಿಂತ ಪೆಟ್ಟಿಗೆಯ ತೂಕ ಇಳಿಸುವುದು ಎಷ್ಟೋ ಲಾಭ.

ಕಕ್ಷೆಯ ಎತ್ತರ ಮುಂದಿನ ವಿಷಯ. 500 ಕಿ.ಮೀ. ಎತ್ತರದಲ್ಲಿ ಉಳಿದಿರುವ ತೆಳುಗಾಳಿಯ ತಡೆಯೇ ಬಿಸಿಲಿನ ನೂಕಿಗಿಂತ ಹೆಚ್ಚು. ಅಲ್ಲಿ ಹಾಯಿ ಬಿಚ್ಚಿದರೆ ಅದು ಪ್ಯಾರಾಚೂಟು. 2011ರಲ್ಲಿ 10 ಚದರ ಮೀಟರಿನ ನ್ಯಾನೊಸೇಲ್-ಡಿ2 ಎಂಟು ತಿಂಗಳಲ್ಲಿ ಕೆಳಗಿಳಿದು ಸುಟ್ಟುಹೋಯಿತು. 720 ಕಿ.ಮೀ.ಯಲ್ಲಿದ್ದ ಲೈಟ್‌ಸೇಲ್ 2 ಕಕ್ಷೆಯ ಎತ್ತರದ ತುದಿಯನ್ನು ಬಿಸಿಲಿನಿಂದಲೇ ಏರಿಸಿ ತೋರಿಸಿತು, ಆದರೆ ಒಟ್ಟಾರೆ ಗಾಳಿಯೇ ಗೆದ್ದು 2022ರ ನವೆಂಬರಿನಲ್ಲಿ ಉರಿದುಹೋಯಿತು. ಸೂರ್ಯನ ಚಟುವಟಿಕೆ ಏರಿದ ವರ್ಷಗಳಲ್ಲಿ ಮೇಲಿನ ವಾತಾವರಣ ಉಬ್ಬುತ್ತದೆ, 800 ಕಿ.ಮೀ.ಗಿಂತ ಕೆಳಗೆ ಹಾಯಿಯ ಭರವಸೆ ಬೇಡ. ನಾಸಾದ ಎಸಿಎಸ್3 ಹಾಯಿನೌಕೆಯನ್ನು 2024ರಲ್ಲಿ ಸುಮಾರು 1,000 ಕಿ.ಮೀ.ಯಲ್ಲಿ ಬಿಟ್ಟದ್ದು ಇದೇ ಕಾರಣಕ್ಕೆ.

ಕೋನ: ಹಾಯಿ ಸೂರ್ಯನಿಗೆ ನೇರ ಮುಖ ಮಾಡಿದರೆ ನೂಕು ಹೆಚ್ಚು, ಆದರೆ ಅದು ಸೂರ್ಯನಿಂದ ಆಚೆಗೆ. ಕಕ್ಷೆ ಹಿಗ್ಗಿಸಲು ಬೇಕಾದದ್ದು ಪಕ್ಕದ ನೂಕು. ಅದು ಗರಿಷ್ಠವಾಗುವುದು ಹಾಯಿಯನ್ನು ಸುಮಾರು 35 ಡಿಗ್ರಿ ಓರೆ ಮಾಡಿದಾಗ, ಆಗಲೂ ಸಿಗುವುದು ಪೂರ್ಣ ಬಲದ 38%. ಇನ್ನೊಂದು ಬದಿಗೆ ಓರೆ ಮಾಡಿದರೆ ಕಕ್ಷಾವೇಗ ಕುಂದಿ ನೌಕೆ ಸೂರ್ಯನತ್ತ ಸುರುಳಿ ಸುತ್ತುತ್ತಾ ಇಳಿಯುತ್ತದೆ. ಹೀಗೆ ಗಾಳಿಗೆದುರಾಗಿಯೂ ಹಾಯಿದೋಣಿ ಸಾಗಬಹುದು.

ಹಾಯಿ ಕೈ ಕೊಡುವುದು ಎಲ್ಲಿ? ಹೆಚ್ಚಿನವರು ಹಾಳೆ ಹರಿಯುತ್ತದೆ ಎಂದುಕೊಳ್ಳುತ್ತಾರೆ. ನಿಜವಾದ ಶತ್ರು ಮುಖ ತಿರುಗಿಸುವ ಕೆಲಸ. ಬೆಳಕಿನ ಒತ್ತಡದ ಕೇಂದ್ರ ಮತ್ತು ನೌಕೆಯ ಭಾರಕೇಂದ್ರ ಒಂದೇ ಗೆರೆಯಲ್ಲಿ ಕೂರುವುದಿಲ್ಲ. 32 ಚದರ ಮೀಟರ್ ಹಾಯಿಯಲ್ಲಿ ಈ ಎರಡರ ನಡುವೆ 10 ಸೆಂ.ಮೀ. ಅಂತರವಿದ್ದರೆ, ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹದ ಚಿಕ್ಕ ರಿಯಾಕ್ಷನ್ ವೀಲ್ (30 ಮಿಲಿನ್ಯೂಟನ್-ಮೀಟರ್-ಸೆಕೆಂಡ್ ಸಾಮರ್ಥ್ಯದ್ದು) 17 ನಿಮಿಷಕ್ಕೆ ತುಂಬಿಹೋಗುತ್ತದೆ, ಅಂದರೆ ಇನ್ನೂ ವೇಗವಾಗಿ ತಿರುಗಲಾರದು. ಅಂತರವನ್ನು 1 ಸೆಂ.ಮೀ.ಗೆ ಇಳಿಸಿದರೂ ಮೂರು ಗಂಟೆ. ಭೂಮಿಯ ಹತ್ತಿರವಿದ್ದರೆ ಮ್ಯಾಗ್ನೆಟಿಕ್ ಟಾರ್ಕರ್ ಬಳಸಿ ಚಕ್ರವನ್ನು ಖಾಲಿ ಮಾಡಬಹುದು. ದೂರ ಹೋದರೆ ಆ ದಾರಿಯೂ ಇಲ್ಲ. ಭಾರಕೇಂದ್ರವನ್ನೇ ಸರಿಸುವ ಜಾರುಫಲಕ, ಅಂಚಿನ ಚಿಕ್ಕ ರೆಕ್ಕೆಗಳು, ಅಥವಾ ಇಕಾರೋಸ್ ಬಳಸಿದ ಹಾಗೆ ಹೊಳಪು-ಮಂಕು ಬದಲಿಸುವ ದ್ರವಸ್ಫಟಿಕ ಪಟ್ಟಿಗಳು ಬೇಕು. ಎರಡನೇ ಶತ್ರು ಗಳಗಳು. ಎಸಿಎಸ್3ರ 7 ಮೀಟರಿನ ನಾಲ್ಕು ಗಳಗಳಲ್ಲಿ ಒಂದು ಬಿಚ್ಚಿದ ಮೇಲೆ ಸ್ವಲ್ಪ ಬಾಗಿರುವುದು ಕಂಡಿತು.

ಹಾಸನದ ಹತ್ತಿರದ ಉದಾಹರಣೆ

ಸೌರಹಾಯಿ ನಮಗೆ ಹೊಸದೂ ಅಲ್ಲ, ದೂರದ್ದೂ ಅಲ್ಲ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ನಡೆಸುತ್ತಿದ್ದ ಇನ್ಸಾಟ್ ಉಪಗ್ರಹಗಳ ಚಿತ್ರ ನೋಡಿದವರಿಗೆ ನೆನಪಿರಬಹುದು: ದಕ್ಷಿಣ ಬದಿಯಲ್ಲಿ ಸೌರಫಲಕ, ಉತ್ತರ ಬದಿಯಲ್ಲಿ ಉದ್ದ ಕೋಲಿನ ತುದಿಗೆ ಟೋಪಿಯಂಥದ್ದೊಂದು. ಆ ಟೋಪಿಯೇ ಹಾಯಿ. ಹವಾಮಾನ ಕ್ಯಾಮೆರಾದ ಅವರಕ್ತ ಸಂವೇದಕಗಳನ್ನು ತಣ್ಣಗಿಡಲು ಉತ್ತರ ಬದಿ ಖಾಲಿ ಆಕಾಶಕ್ಕೆ ತೆರೆದಿರಬೇಕು, ಅಲ್ಲಿ ಬಿಸಿಯಾದ ಫಲಕ ಇರುವಂತಿಲ್ಲ. ಫಲಕ ಒಂದೇ ಬದಿಗೆ ಬಂದರೆ ಬಿಸಿಲು ಆ ಬದಿಯನ್ನೇ ಹೆಚ್ಚು ನೂಕುತ್ತದೆ. 10 ಚದರ ಮೀಟರ್ ಫಲಕ, 5 ಮೀಟರ್ ತೋಳು ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 20 ನ್ಯೂಟನ್-ಮೀಟರ್-ಸೆಕೆಂಡ್ ಕೋನೀಯ ಸಂವೇಗ (ತಿರುಗುವ ರಭಸ) ಸೇರುತ್ತದೆ. ಥ್ರಸ್ಟರಿನಿಂದ ಅದನ್ನು ತೀರಿಸಲು ದಿನಕ್ಕೆ ಹತ್ತು ಗ್ರಾಂ ಆಸುಪಾಸು ಇಂಧನ ಬೇಕು. ವರ್ಷಕ್ಕೆ ಮೂರೂವರೆ ಕಿಲೋ. ಉತ್ತರದ ಹಾಯಿ ಆ ಖರ್ಚನ್ನೇ ಇಲ್ಲವಾಗಿಸುತ್ತದೆ.

1982ರ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-1ಎಯಲ್ಲಿ ಈ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಂಧನ ಬರಿದಾಗಿ ಉಪಗ್ರಹವನ್ನು ಕೈಬಿಡಬೇಕಾಯಿತು. ಮುಂದೆ ಬೆಂಗಳೂರಿನಲ್ಲಿ ಕಟ್ಟಿದ ಇನ್ಸಾಟ್-2 ಸರಣಿಯ ಹವಾಮಾನ ಉಪಗ್ರಹಗಳು ಇದೇ ಕೋಲು-ಹಾಯಿಯ ಏರ್ಪಾಡನ್ನು ಇಟ್ಟುಕೊಂಡೇ ಕೆಲಸ ಮಾಡಿದವು. ಹಾಯಿಯನ್ನು ಓಟಕ್ಕಲ್ಲದೆ ಸಮತೋಲಕ್ಕೆ ಬಳಸುವುದು ಇವತ್ತಿಗೂ ಅದರ ಅತಿ ಲಾಭದಾಯಕ ಉಪಯೋಗ. ಎರಡು ರಿಯಾಕ್ಷನ್ ವೀಲ್ ಕೆಟ್ಟ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕವನ್ನು 2014ರಿಂದ ಮತ್ತೆ ದುಡಿಸಿದ್ದು ಬಿಸಿಲಿನ ಒತ್ತಡವನ್ನೇ ಮೂರನೇ ಚಕ್ರದಂತೆ ಬಳಸಿ.

ವಿದ್ಯುತ್ ತಂತಿ

ಭೂಮಿಯ ಹತ್ತಿರ, ಹಾಯಿ ಸೋಲುವ ಎತ್ತರದಲ್ಲಿ ಗೆಲ್ಲುವುದು ತಂತಿ. ಕಾಂತಕ್ಷೇತ್ರದಲ್ಲಿ ವಿದ್ಯುತ್ ಹರಿಯುವ ತಂತಿಯ ಮೇಲೆ ಬಲ ಬೀಳುತ್ತದೆ – ಫ್ಯಾನಿನ ಮೋಟಾರಿನಲ್ಲಿ ನಡೆಯುವುದೇ. 10 ಕಿ.ಮೀ. ತಂತಿ, 1 ಆಂಪಿಯರ್, 30 ಮೈಕ್ರೊಟೆಸ್ಲಾ: ಬಲ 0.3 ನ್ಯೂಟನ್. ರಾಗಿ ಲೆಕ್ಕದಲ್ಲಿ ಹತ್ತು ಸಾವಿರ ಕಾಳು! ಒದ್ದದ್ದು ಭೂಮಿಯ ಕಾಂತಕ್ಷೇತ್ರವನ್ನು, ಅದರ ಮೂಲಕ ಭೂಮಿಯನ್ನೇ. ಕಕ್ಷೆಯ ವೇಗದಿಂದಾಗಿ ಆ ತಂತಿಯಲ್ಲಿ ತಾನಾಗಿ 2,000 ವೋಲ್ಟಿಗೂ ಹೆಚ್ಚು ಹುಟ್ಟುತ್ತದೆ. ಅದನ್ನು ಹರಿಯಬಿಟ್ಟರೆ ನೌಕೆ ಕೆಳಗಿಳಿಯುತ್ತದೆ, ಜೊತೆಗೆ ವಿದ್ಯುತ್ತೂ ಸಿಗುತ್ತದೆ. ಮೇಲೇರಬೇಕಾದರೆ ಅದರ ವಿರುದ್ಧ ವಿದ್ಯುತ್ ನೂಕಬೇಕು, ಈ ಉದಾಹರಣೆಯಲ್ಲಿ 2.3 ಕಿಲೋವ್ಯಾಟ್ ಆದರೂ ಬೇಕು. 1993ರಲ್ಲಿ ನಾಸಾದ ಪಿಎಂಜಿ ಪ್ರಯೋಗ 500 ಮೀಟರ್ ತಂತಿಯಲ್ಲಿ ಎರಡೂ ದಿಕ್ಕಿಗೆ ವಿದ್ಯುತ್ ಹರಿಸಿ ತೋರಿಸಿದೆ.

ವಿದ್ಯುತ್ ಮಂಡಲ ಪೂರ್ಣವಾಗುವುದು ಸುತ್ತಲಿನ ಪ್ಲಾಸ್ಮಾ (ವಿದ್ಯುದಾವೇಶವಿರುವ ತೆಳು ಅನಿಲ) ಮೂಲಕ. ಒಂದು ತುದಿಯಲ್ಲಿ ಬೆತ್ತಲೆ ತಂತಿ ಎಲೆಕ್ಟ್ರಾನುಗಳನ್ನು ಹಿಡಿಯುತ್ತದೆ, ಇನ್ನೊಂದು ತುದಿಯಲ್ಲಿ ಹಾಲೋ ಕ್ಯಾಥೋಡ್ ಎಂಬ ಟೊಳ್ಳು ಕೊಳವೆ ಅವನ್ನು ಹೊರಗೆ ಬಿಡುತ್ತದೆ. ಆ ಕ್ಯಾಥೋಡಿಗೆ ಚೂರು ಕ್ಸೆನಾನ್ ಬೇಕೇ ಬೇಕು ಎಂಬುದನ್ನು ಮಾರುವವರು ಮೆಲ್ಲಗೆ ಹೇಳುತ್ತಾರೆ.

ತಂತಿಯ ಇತಿಹಾಸ ಬಿಚ್ಚುವ ಯಂತ್ರಗಳ ಇತಿಹಾಸ. 1992ರಲ್ಲಿ ಶಟಲ್‌ನಿಂದ 20 ಕಿ.ಮೀ. ಬಿಚ್ಚಬೇಕಿದ್ದ ತಂತಿ 256 ಮೀಟರಿಗೆ ನಿಂತಿತು. ಸುರುಳಿ ಸಾಧನದಲ್ಲಿ ಹೊರಚಾಚಿದ ಒಂದು ಬೋಲ್ಟು ಅಡ್ಡ ಬಂದಿತ್ತು. 1996ರಲ್ಲಿ 19.7 ಕಿ.ಮೀ. ಬಿಚ್ಚಿ 3,500 ವೋಲ್ಟ್ ಬಂತು. ಆಗ ಹೊದಿಕೆಯ ದೋಷವಿದ್ದ ಕಡೆ ಕಿಡಿ ಹಾರಿ ತಂತಿ ಸುಟ್ಟು ತುಂಡಾಯಿತು. ಜಪಾನಿನ ಕೈಟ್ ಪ್ರಯೋಗದಲ್ಲಿ (2017) 700 ಮೀಟರ್ ತಂತಿ ಹೊರಗೇ ಬರಲಿಲ್ಲ. ಹಾಗಾಗಿ ಯೋಜನೆಯ ಹಣ, ಪರೀಕ್ಷೆಯ ಸಮಯದ ಬಹುಪಾಲು ಸುರುಳಿಗೆ ಹೋಗಲಿ. ಒಂಟಿ ಎಳೆ ಬೇಡ; ಸಣ್ಣ ಕಸದ ಚೂರೂ ಅದನ್ನು ಕತ್ತರಿಸುತ್ತದೆ. ಪಟ್ಟಿಯಂಥ ಟೇಪು ಅಥವಾ ಹಲವು ಎಳೆಗಳ ಹೆಣಿಗೆ ಬೇಕು. ಭೂವೀಕ್ಷಣೆಯ ಉಪಗ್ರಹಗಳಿರುವ ಧ್ರುವೀಯ ಕಕ್ಷೆಯಲ್ಲಿ ಕಾಂತರೇಖೆಗಳು ಓಟದ ದಿಕ್ಕಿಗೇ ಹತ್ತಿರ ಮಲಗಿರುವುದರಿಂದ ತಂತಿಗೆ ಬಲ ಕಡಿಮೆ. ಸಮಭಾಜಕದ ಹತ್ತಿರದ ಕಕ್ಷೆಯಲ್ಲಿ ಹೆಚ್ಚು.

ಸೌರ ಮಾರುತವನ್ನು ಹಿಡಿಯುವವು

ಸೂರ್ಯನಿಂದ ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಬರುವ ಪ್ರೋಟಾನುಗಳ ಒತ್ತಡ ಬೆಳಕಿನದಕ್ಕಿಂತ ಕೆಲವು ಸಾವಿರ ಪಟ್ಟು ಕಡಿಮೆ. ಹಾಳೆ ಹಿಡಿದು ಲಾಭವಿಲ್ಲ. 2004ರ ಸುಮಾರಿಗೆ ಫಿನ್ಲೆಂಡಿನ ಪೆಕ್ಕಾ ಯಾನ್‌ಹುನೆನ್ ಕೊಟ್ಟ ಉಪಾಯ ಜಾಣತನದ್ದು: ಕೂದಲಿಗಿಂತ ತೆಳ್ಳಗಿನ ತಂತಿಗಳನ್ನು ಸೈಕಲ್ ಚಕ್ರದ ಕಡ್ಡಿಗಳಂತೆ ಹರಡಿ, 20-40 ಸಾವಿರ ವೋಲ್ಟ್ ಧನ ವಿಭವ ಕೊಡಿ. ಪ್ರತಿ ತಂತಿಯ ಸುತ್ತ ಹತ್ತಾರು ಮೀಟರ್ ಅಗಲದ ಅದೃಶ್ಯ ಬೇಲಿ ಎದ್ದು ಪ್ರೋಟಾನುಗಳು ಬಾಗಿ ಹೋಗುತ್ತವೆ. ಮೀಟರಿಗೆ ಸುಮಾರು 500 ನ್ಯಾನೊನ್ಯೂಟನ್, 20 ಕಿ.ಮೀ.ಯ 100 ತಂತಿಗೆ 1 ನ್ಯೂಟನ್. ಬಂದು ಸೇರುವ ಎಲೆಕ್ಟ್ರಾನುಗಳನ್ನು ಹೊರದೂಡುವ ಗನ್ನಿಗೆ ನೂರಾರು ವ್ಯಾಟ್ ಸಾಕು.

ಸೂರ್ಯನಿಂದ ದೂರ ಎರಡು ಪಟ್ಟಾದರೆ ಹಾಯಿಯ ಬಲ ಕಾಲು ಪಾಲಾಗುತ್ತದೆ, ಈ ವಿದ್ಯುತ್ ಹಾಯಿಯದು ಅರ್ಧ. ಗುರು-ಶನಿಯ ಆಚೆಗೆ ಹೋಗುವವರು ಇದನ್ನು ನೋಡಬೇಕು. ಆದರೆ ಭೂಮಿಯ ಕಾಂತಗೋಳದ ಒಳಗೆ ಸೌರ ಮಾರುತ ಬರುವುದಿಲ್ಲ, ಅಲ್ಲಿ ಇದು ಬ್ರೇಕ್ ಆಗಿ ಮಾತ್ರ ಕೆಲಸಕ್ಕೆ ಬರುತ್ತದೆ. 2013ರಲ್ಲಿ ಹೆಲ್ಸಿಂಕಿಯಲ್ಲಿ 1 ಕಿ.ಮೀ. ತಂತಿ ಹೆಣೆದದ್ದಾಯಿತು, ಅದೇ ವರ್ಷ ಹಾರಿದ ಎಸ್ಟೋನಿಯಾದ ಎಸ್ಟ್‌ಕ್ಯೂಬ್-1ರಲ್ಲಿ 10 ಮೀಟರ್ ಕೂಡ ಬಿಚ್ಚಲಿಲ್ಲ. 2017ರಲ್ಲಿ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ38ರಲ್ಲಿ ಹೋದ ಫಿನ್ಲೆಂಡಿನ ಆಲ್ಟೊ-1ರ ತಂತಿಯೂ ಬಿಚ್ಚಲಿಲ್ಲ. ಸಿದ್ಧಾಂತ ಗಟ್ಟಿ, ಅನುಭವ ಸೊನ್ನೆ. ತಂತಿಗಳ ಬದಲು ಅತಿವಾಹಕ ಬಳೆಯಿಂದ ಕಾಂತಬೇಲಿ ಕಟ್ಟುವ 'ಕಾಂತಹಾಯಿ' ಇನ್ನೂ ಕಾಗದದಲ್ಲಿದೆ; ಅದರ ನಿಜವಾದ ಬೆಲೆ ತಾರೆಗಳ ನಡುವೆ ಬ್ರೇಕ್ ಹಾಕಲು.

ಬೆಳಕನ್ನು ಕೊಂಡೊಯ್ಯುವುದು, ಬೆಳಕನ್ನು ಕಳಿಸುವುದು

ಸ್ವಂತ ದೀಪ ಹಚ್ಚಿಕೊಂಡು ಸಾಗುವ ಫೋಟಾನ್ ರಾಕೆಟ್ಟಿಗೆ 1 ನ್ಯೂಟನ್ನಿಗೆ 300 ಮೆಗಾವ್ಯಾಟ್ ಬೇಕು. ಬೇಡ ಎಂದು ಇಲ್ಲೇ ಬಿಡಬಹುದು. ಆದರೂ ಒಂದು ಫೋಟಾನ್ ರಾಕೆಟ್ ಯಾರ ಉದ್ದೇಶವೂ ಇಲ್ಲದೆ ದಶಕಗಟ್ಟಲೆ ಓಡಿತು. ಸೌರವ್ಯೂಹದಾಚೆ ಹೊರಟ ಪಯೊನೀರ್ 10 ಮತ್ತು 11 ನೌಕೆಗಳು ಲೆಕ್ಕಕ್ಕಿಂತ ಚೂರು ಹೆಚ್ಚೇ ನಿಧಾನವಾಗುತ್ತಿದ್ದವು. ಕಾರಣ ಹೊಸ ಭೌತಶಾಸ್ತ್ರ ಇರಬಹುದೆಂದು ಪುಟಗಟ್ಟಲೆ ಬರೆದರು. 2012ರಲ್ಲಿ ಉತ್ತರ ಗಟ್ಟಿಯಾಯಿತು: ನೌಕೆಯ ಶಾಖ ಒಂದು ಬದಿಗೆ ಸ್ವಲ್ಪ ಹೆಚ್ಚು ಹೊರಸೂಸುತ್ತಿತ್ತು. ಸುಮಾರು 250 ಕಿಲೋ ನೌಕೆಗೆ ಅಷ್ಟು ತಡೆ ಒಡ್ಡಲು ಬರೀ 65 ವ್ಯಾಟ್ ವ್ಯತ್ಯಾಸ ಸಾಕು. ಒಂದು ಬಲ್ಬು.

ದೀಪವನ್ನು ಮನೆಯಲ್ಲೇ ಬಿಟ್ಟು ಕಿರಣ ಮಾತ್ರ ಕಳಿಸಿದರೆ ಲೆಕ್ಕ ಬದಲಾಗುತ್ತದೆ. 2016ರಲ್ಲಿ ಘೋಷಿಸಿದ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆಯ ಅಂಕಿಗಳು: 100 ಗಿಗಾವ್ಯಾಟ್ ಲೇಸರ್, ಕೆಲವು ಮೀಟರ್ ಹಾಯಿ, ಗ್ರಾಂ ತೂಕದ ನೌಕೆ, ಬೆಳಕಿನ ಐದನೇ ಒಂದು ಭಾಗ ವೇಗ. ನೂಕು 667 ನ್ಯೂಟನ್. ಹಾಯಿ, ಚಿಪ್ ಸೇರಿ 2 ಗ್ರಾಂ ಎಂದುಕೊಂಡರೆ ಭೂಗುರುತ್ವದ 34,000 ಪಟ್ಟು ವೇಗೋತ್ಕರ್ಷ, ಕೆಲವೇ ನಿಮಿಷ. ಹಾಯಿ ಬೆಳಕಿನ ಲಕ್ಷದಲ್ಲಿ ಒಂದು ಪಾಲು ಹೀರಿದರೂ 1 ಮೆಗಾವ್ಯಾಟ್ ಶಾಖ. ಲೋಹದ ಲೇಪ ಆವಿಯಾಗುತ್ತದೆ, ಆದ್ದರಿಂದ ಲೋಹವೇ ಇಲ್ಲದ ಕನ್ನಡಿ ಬೇಕು. 1 ಕಿ.ಮೀ. ಅಗಲದ ಲೇಸರ್ ಸಾಲಿನ ಕಿರಣವೂ 20 ಲಕ್ಷ ಕಿ.ಮೀ. ದೂರದಲ್ಲಿ ಕೆಲವು ಮೀಟರಿಗೆ ಹರಡುತ್ತದೆ. ಅದರಾಚೆ ಬೆಳಕು ಹಾಯಿಯ ಅಂಚಿನಿಂದ ಚೆಲ್ಲಿ ಹೋಗುತ್ತದೆ. ತಲುಪಿದ ಮೇಲೆ ನಿಲ್ಲುವ ದಾರಿಯೂ ಇಲ್ಲ. ಆದರೂ ತಾರೆಯ ತನಕ ಮನುಷ್ಯನ ಜೀವಿತದೊಳಗೆ ಏನನ್ನಾದರೂ ಕಳಿಸಬೇಕಿದ್ದರೆ, ಈ ಪಟ್ಟಿಯಲ್ಲಿ ಭೌತಶಾಸ್ತ್ರದ ತಕರಾರಿಲ್ಲದ ದಾರಿ ಇದೊಂದೇ.

ಮುಚ್ಚಿದ ಪೆಟ್ಟಿಗೆಗಳು

1950ರ ದಶಕದ ಡೀನ್ ಯಂತ್ರ, ರೋಜರ್ ಶಾಯರ್ ಅವರ ಎಂಡ್ರೈವ್, ಜೇಮ್ಸ್ ವುಡ್‌ವರ್ಡ್ ಅವರ ಮಾಖ್ ಪರಿಣಾಮದ ಥ್ರಸ್ಟರ್ – ಮೂರರ ಬೆಡಗೂ ಒಂದೇ, ಒಳಗೆ ಏನೋ ಅಲುಗುತ್ತದೆ, ಹೊರಗೆ ಏನೂ ಹೋಗುವುದಿಲ್ಲ. ಡೀನ್ ಯಂತ್ರ ನೆಲದ ಘರ್ಷಣೆಯನ್ನು ಒದೆಯುತ್ತಿತ್ತು: ಮೆಲ್ಲಗೆ ಹಿಂದೆ, ಜೋರಾಗಿ ಮುಂದೆ. ಕಂಬಳಿ ಮೇಲೆ ಕೂತು ಮೈ ಜಗ್ಗಿ ಮುಂದೆ ಸರಿಯುವ ಮಗುವಿನ ಹಾಗೆ. ಕಂಬಳಿ ತೆಗೆದರೆ ಆಟವಿಲ್ಲ.

ಎಂಡ್ರೈವ್ ಎಂದರೆ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾದ ತಾಮ್ರದ ಡಬ್ಬಿ, ಒಳಗೆ ಮೈಕ್ರೊವೇವ್. 2016ರಲ್ಲಿ ನಾಸಾದ ಈಗಲ್‌ವರ್ಕ್ಸ್ ತಂಡ ಕಿಲೋವ್ಯಾಟಿಗೆ 1.2 ಮಿಲಿನ್ಯೂಟನ್ ಕಂಡಿತು ಎಂದು ಪ್ರಕಟಿಸಿತು, ಬೆಳಕಿನ ನೂಕಿಗಿಂತ 360 ಪಟ್ಟು. ಇದು ನಿಜವಾದರೆ ಬೇರೊಂದು ತೊಡಕು ತಲೆ ಎತ್ತುತ್ತದೆ. ಒಂದೇ ವಿದ್ಯುತ್ತಿಗೆ ಒಂದೇ ನೂಕು ಸದಾ ಸಿಗುವುದಾದರೆ, ವೇಗ ಸೆಕೆಂಡಿಗೆ 833 ಕಿ.ಮೀ. ದಾಟಿದ ಮೇಲೆ ಹಾಕಿದ ಪ್ರತಿ ಜೂಲಿಗೆ ಒಂದಕ್ಕಿಂತ ಹೆಚ್ಚು ಜೂಲ್ ಚಲನಶಕ್ತಿ ವಾಪಸು ಬರಬೇಕು. ಅಂದರೆ ಅದು ನೋದನ ಯಂತ್ರವಲ್ಲ, ಪುಕ್ಕಟೆ ವಿದ್ಯುತ್ ಸ್ಥಾವರ. ಕಿಲೋವ್ಯಾಟಿಗೆ 3.3 ಮೈಕ್ರೊನ್ಯೂಟನ್ನಿಗಿಂತ ಹೆಚ್ಚು ಕೊಡುತ್ತೇನೆ ಎನ್ನುವ ಯಾವ ಮುಚ್ಚಿದ ಪೆಟ್ಟಿಗೆಗೂ ಇದೇ ಲೆಕ್ಕ ಹಚ್ಚಿ: ವಿದ್ಯುತ್ತನ್ನು ನೂಕಿನಿಂದ ಭಾಗಿಸಿದರೆ ಆ ಗಡಿವೇಗ ಸಿಗುತ್ತದೆ.

ಹಾಗಾದರೆ ತಕ್ಕಡಿಯಲ್ಲಿ ಕಂಡದ್ದೇನು? ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮಾರ್ಟಿನ್ ತಾಯ್‌ಮಾರ್ ಅವರ ತಂಡ ಇದನ್ನು ತಾಳ್ಮೆಯಿಂದ ಬಿಡಿಸಿತು. 2 ಆಂಪಿಯರ್ ಹರಿಯುವ ತಂತಿಯ 2 ಸೆಂ.ಮೀ. ತುಂಡು ಭೂಮಿಯ ಕಾಂತಕ್ಷೇತ್ರಕ್ಕೆ ತೆರೆದಿದ್ದರೂ ಸುಮಾರು 2 ಮೈಕ್ರೊನ್ಯೂಟನ್ ಬಲ ಹುಟ್ಟುತ್ತದೆ. ಹುಡುಕುತ್ತಿದ್ದ ಬಲವೂ ಅದೇ ಅಳತೆಯದು. 2018ರಲ್ಲಿ ಅವರ ತಕ್ಕಡಿಯಲ್ಲಿ ಪೆಟ್ಟಿಗೆಯನ್ನು ತಿರುಗಿಸಿಟ್ಟರೂ, ಒಳಗೆ ಹೋಗುವ ಮೈಕ್ರೊವೇವನ್ನು ತಗ್ಗಿಸಿದರೂ 'ನೂಕು' ಹಾಗೇ ಉಳಿಯಿತು. 2021ರ ಹೊತ್ತಿಗೆ ಶಾಖದಿಂದ ಹಿಗ್ಗಿ ಭಾರಕೇಂದ್ರ ಸರಿಯುವ ದೋಷವನ್ನೂ ತೆಗೆದಾಗ ಉಳಿದದ್ದು ಸೊನ್ನೆ. ಮಾಖ್ ಥ್ರಸ್ಟರಿನಲ್ಲಿ ಕಂಡ ಸೂಜಿಚಲನೆ ಕಂಪನದ ಕಿತಾಪತಿ.

ಸುತ್ತಲಿನ ಆಕಾಶವನ್ನೇ ಬಾಗಿಸಿ ಸಾಗುವ ವಾರ್ಪ್ ಗುಳ್ಳೆ (ಭೌತವಿಜ್ಞಾನಿ ಅಲ್ಕುಬಿಯೆರ್, 1994) ಋಣ ಶಕ್ತಿಯನ್ನು ಕೇಳುತ್ತದೆ, ಅದನ್ನು ಬೇಕಾದಷ್ಟು ಕೂಡಿಡುವ ದಾರಿ ಯಾರಿಗೂ ತಿಳಿದಿಲ್ಲ. ಆಯ್ಕೆಯ ಪಟ್ಟಿಯಲ್ಲಿ ಅದಕ್ಕೆ ಜಾಗ ಕೊಡಬೇಕಿಲ್ಲ.

ಯಾರಾದರೂ ಇಂಥ ಪೆಟ್ಟಿಗೆ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ನಿರ್ವಾತ ಕೋಣೆಯಲ್ಲಿ ಈ ಕ್ರಮದಲ್ಲಿ ನೋಡಿ. ಪೆಟ್ಟಿಗೆಯನ್ನು 180 ಡಿಗ್ರಿ ತಿರುಗಿಸಿ, ಬಲ ತಿರುಗಬೇಕು. 90 ಡಿಗ್ರಿ ತಿರುಗಿಸಿ, ತಕ್ಕಡಿ ಸುಮ್ಮನಿರಬೇಕು. ಪೆಟ್ಟಿಗೆಯ ಬದಲು ಅಷ್ಟೇ ಬಿಸಿಯಾಗುವ ಬರೀ ರೆಸಿಸ್ಟರ್ ಇಟ್ಟು ಓಡಿಸಿ. ಏನಾದರೂ ಕಂಡರೆ ಅದು ಶಾಖ. ಸ್ವಿಚ್ ಹಾಕಿದ ಕ್ಷಣವೇ ಬಲ ಏರುತ್ತದೋ, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೋ ಗಮನಿಸಿ. ಎರಡನೆಯದು ಬಿಸಿಯಾಗುವ ಲೋಹದ ನಡೆ. ಕೊನೆಗೆ ಹೊರಗಿನ ವೈರು ಕಿತ್ತು ಬ್ಯಾಟರಿಯನ್ನೂ ತಕ್ಕಡಿಯ ಮೇಲೇ ಇಡಿ. ಚೀನಾದ ಶಿಯಾನ್‌ನಲ್ಲಿ ಯಾಂಗ್ ಜುವಾನ್ ಅವರ ತಂಡ ಎಂಡ್ರೈವ್ ಬಗೆಯ ಪೆಟ್ಟಿಗೆಯಲ್ಲಿ 2.5 ಕಿಲೋವ್ಯಾಟಿಗೆ 720 ಮಿಲಿನ್ಯೂಟನ್ ಎಂದು ಹೇಳಿ ಜಗತ್ತನ್ನೇ ಎಬ್ಬಿಸಿತ್ತು. 2016ರಲ್ಲಿ ಅದೇ ತಂಡ ಬ್ಯಾಟರಿ ಇಟ್ಟು ಅಳೆದಾಗ ಸಿಕ್ಕದ್ದು ತಕ್ಕಡಿಯ ದೋಷಮಿತಿಯೊಳಗೇ ಇತ್ತು.